ಹಿಂಗಾಲ ಮೇಲೆ ಎದ್ದು ನಿಲ್ಲುವ ಕುದುರೆ: ಯಾರಿಗೆ ಕೊಡೋದು?

ಹತ್ತಲು ಹೋದರೆ ಹಿಂಗಾಲ ಮೇಲೆ ಎದ್ದು ನಿಲ್ಲುತ್ತೆ, ಸಂಭಾಳಿಸೋಕಾಗ್ತಿಲ್ಲ, ಬಿಟ್ಟಿಯಾದರೂ ಕೊಟ್ಟುಬಿಡ್ತೀನಿ ಅಂದಿದ್ದೀರಿ. ಬಿಟ್ಟಿ ಮಾತ್ರ ಬೇಡ, ದಲ್ಲಾಳಿಗಳು ಮುಗಿಬೀಳ್ತಾರೆ. ಮೊದಲು ಪಶುವೈದ್ಯರಿಂದ ಬೆನ್ನು, ಹಲ್ಲು, ಗೊರಸು ನೋಡಿಸಿ. ಜೀನು ಸರಿಯಾಗಿ ಕೂರುತ್ತಾ ಅಂತಲೂ ಪರೀಕ್ಷಿಸಿ. ಜೀನಿನ ಪಟ್ಟಿ ಬಿಗಿಯುವಾಗ ಕಿವಿ ಹಿಂದಕ್ಕೆ ಮಡಚಿ ಕಚ್ಚೋಕೆ ತಿರುಗಿದರೆ ಅದು ಹಟ ಅಲ್ಲದಿರಬಹುದು, ನೋವು. ಹೊಟ್ಟೆಹುಣ್ಣಿದ್ದರೂ ಹಾಗೆ ಮಾಡುತ್ತವೆ. ನೋವಿಲ್ಲ ಅಂತ ಖಾತ್ರಿಯಾದರೆ, ಇಂಥವನ್ನು ಪಳಗಿಸಿ ಅನುಭವ ಇರುವವರನ್ನೇ ಹುಡುಕಿ. ಬಂದವರು ನಿಮ್ಮೆದುರೇ ಲಾಯದಿಂದ ಹೊರತಂದು ಜೀನು ಕಟ್ಟಲಿ. ಎದ್ದು ನಿಲ್ಲುವ ವಿಡಿಯೋ ಇದ್ದರೆ ಮುಚ್ಚಿಡದೆ ತೋರಿಸಿ. (ಹೆದರಿ ಓಡುವವರು ಓಡಲಿ, ಒಳ್ಳೇದೇ ಆಯ್ತು.) ಬೇಡವಾದರೆ ಮೊದಲು ನಿಮಗೇ ವಾಪಸ್ ಕೊಡಬೇಕು ಅಂತ ಬರೆಸಿಕೊಳ್ಳಿ. ಅಲ್ಲೀತನಕ ದಯವಿಟ್ಟು ಹತ್ತಬೇಡಿ. ಅದು ಹಿಂದಕ್ಕೆ ಮಗುಚಿದರೆ ಅಡಿಯಲ್ಲಿ ಸಿಗೋದು ನೀವೇ.