ಸಿಡಿಆರ್ ಬಿಡಿ, ಕಾಣೆಯಾದವನು ಬರೆಯುತ್ತಿದ್ದ ಸುದ್ದಿ ಹಿಡಿಯಿರಿ

ನೀವು ಕಳಿಸಿದ ಅಪಹರಣದ ಕಾದಂಬರಿಯ ಮೂರೂ ಅಧ್ಯಾಯ ಓದಿದೆ. ಚರ್ಚ್ ಸ್ಟ್ರೀಟ್‌ನಲ್ಲಿ ಸಹೋದ್ಯೋಗಿ ಕಾಣೆಯಾಗುವ ತನಕ ಚೆನ್ನಾಗಿ ಬಂದಿದೆ. ಆಮೇಲೆ ನಿಮ್ಮ ವರದಿಗಾರ್ತಿ ಪರಿಚಯದ ಇನ್ಸ್‌ಪೆಕ್ಟರಿಗೆ ಒಂದು ಫೋನ್ ಮಾಡುತ್ತಾಳೆ. ಅವರು ಕಾಣೆಯಾದವನ ಸಿಡಿಆರ್, ಅಂದರೆ ಫೋನ್ ಕರೆಗಳ ದಾಖಲೆ, ವಾಟ್ಸಾಪ್ ಮಾಡುತ್ತಾರೆ. ಟವರ್ ಲೊಕೇಶನ್ ನೇರ ಪೀಣ್ಯದ ಗೋದಾಮಿಗೆ ಕರೆದೊಯ್ಯುತ್ತದೆ. ಇನ್ನು ಓದುಗನಿಗೆ ಏನು ಉಳಿಯಿತು? ನಾನೂ ಹಿಂದೆ ಹೀಗೇ ಬರೆದು ಅರ್ಧಕ್ಕೆ ನಿಂತಿದ್ದೆ, ಅದಕ್ಕೇ ಇಷ್ಟುದ್ದ ಹೇಳುತ್ತಿದ್ದೇನೆ.

ಸಿಡಿಆರ್ ಹೊರಗಿನವರಿಗೆ ಕೊಟ್ಟರೆ ಕೊಟ್ಟವರ ಕೆಲಸಕ್ಕೇ ಕುತ್ತು. ಕೊಡಿಸಲೇಬೇಕು ಅಂತಿದ್ದರೆ, ಆ ಇನ್ಸ್‌ಪೆಕ್ಟರ್ ಯಾಕೆ ಅಷ್ಟು ರಿಸ್ಕ್ ತಗೊಂಡರು ಅನ್ನುವುದನ್ನಾದರೂ ತೋರಿಸಿ. ಸುಮ್ನೆ ಸ್ನೇಹಕ್ಕೆ ಯಾರೂ ಕೊಡುವುದಿಲ್ಲ.

ಪತ್ರಕರ್ತೆಯ ಬಲ ಬೇರೆ ಕಡೆ ಇದೆ. 1976ರಲ್ಲಿ ಅಮೆರಿಕದ ಫೀನಿಕ್ಸ್‌ನಲ್ಲಿ ಡಾನ್ ಬೋಲ್ಸ್ ಎಂಬ ವರದಿಗಾರನನ್ನು ಕಾರಿಗೆ ಬಾಂಬ್ ಇಟ್ಟು ಕೊಂದರು. ಬೇರೆ ಬೇರೆ ಪತ್ರಿಕೆಗಳ ಸುಮಾರು 40 ಪತ್ರಕರ್ತರು ಅಲ್ಲಿಗೆ ಬಂದರು. ಕೊಂದವರ ಹಿಂದೆ ಬೀಳಲು ಅಲ್ಲ, ಭೂ ವಂಚನೆ, ಭ್ರಷ್ಟಾಚಾರದ ಬಗ್ಗೆ ಬೋಲ್ಸ್ ಮಾಡುತ್ತಿದ್ದ ಕೆಲಸವನ್ನು ಮುಂದುವರಿಸಲು. ನಿಮ್ಮ ನಾಯಕಿಯೂ ಮಾಡಬೇಕಾದ್ದು ಇದನ್ನೇ. ಕಾಣೆಯಾದವನು ಏನು ಬರೆಯುತ್ತಿದ್ದ? ಎಲ್ಲಿಗೆ ನಿಂತಿತ್ತು? ಬೆಂಗಳೂರಿನ ಕತೆ, ರಾಜಕಾಲುವೆ ಒತ್ತುವರಿ ಅಂತಲೇ ಇಟ್ಟುಕೊಳ್ಳಿ. ಪಹಣಿ ಸರ್ಕಾರದ 'ಭೂಮಿ' ಜಾಲತಾಣದಲ್ಲಿ ಸಿಗುತ್ತದೆ, ಇಸಿ (ಆಸ್ತಿಯ ಋಣಭಾರ ಪತ್ರ) 'ಕಾವೇರಿ' ಜಾಲತಾಣದಲ್ಲಿ ತೆಗೆಯಬಹುದು. ಆರ್‌ಟಿಐಗೆ ಉತ್ತರ ಬರಲು 30 ದಿನ. ಆದರೆ ವ್ಯಕ್ತಿಯ ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಮಾಹಿತಿಯಾದರೆ 48 ಗಂಟೆಯಲ್ಲಿ ಕೊಡಬೇಕು. ಅಧಿಕಾರಿ ಅದನ್ನು ಒಪ್ಪಬೇಕಲ್ಲ, ಆ ವಾದವೇ ಒಳ್ಳೇ ದೃಶ್ಯವಾಗುತ್ತದೆ.

ಈಗ ನನಗೆ ತುಂಬಾ ಇಷ್ಟವಾದ ಸುಳಿವು ಹೇಳುತ್ತೇನೆ, ಬೇಕಾದರೆ ಬಳಸಿಕೊಳ್ಳಿ. ನುಡಿ, ಶ್ರೀಲಿಪಿ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೇ ಫೈಲುಗಳು ಯೂನಿಕೋಡ್ (ಈಗ ಎಲ್ಲ ಕಡೆ ಬಳಸುವ ಅಕ್ಷರ ಸಂಕೇತ) ಅಲ್ಲ. ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕೋಡು. ಆಯಾ ಫಾಂಟ್ ಇದ್ದರೆ ಮಾತ್ರ ಕನ್ನಡ ಕಾಣುತ್ತದೆ. ಅಪಹರಿಸಿದವರು ಅವನ ಲ್ಯಾಪ್‌ಟಾಪಿನಲ್ಲಿ ಬಿಲ್ಡರ್ ಹೆಸರನ್ನು ಈಗಿನ ಕನ್ನಡದಲ್ಲಿ ಟೈಪ್ ಮಾಡಿ ಹುಡುಕಿದರೆ ಏನೂ ಸಿಗುವುದಿಲ್ಲ. ಫೈಲ್ ತೆರೆದರೂ ಫಾಂಟ್ ಇಲ್ಲದಿದ್ದರೆ ಬರೀ ಗೋಜಲು. ಕೆಟ್ಟ ಫೈಲು ಅಂತ ಬಿಟ್ಟು ಹೋಗುತ್ತಾರೆ. ಡೆಸ್ಕಿನಲ್ಲಿ ವರ್ಷಗಟ್ಟಲೆ ಪುಟ ಮಾಡಿಸಿದವಳಿಗೆ ಆ ಗೋಜಲು ನೋಡಿದ ಕೂಡಲೇ ಯಾವ ಫಾಂಟ್ ಅಂತ ಹೊಳೆಯುತ್ತದೆ. ಇದನ್ನು ಪೊಲೀಸರೂ ಕಂಡುಹಿಡಿಯಬಹುದು, ಆದರೆ ಅವಳು ಮೊದಲು ಕಂಡುಹಿಡಿದರೆ ಓದುಗರು ಯಾರೂ ಅನುಮಾನ ಪಡುವುದಿಲ್ಲ. ಒಂದೇ ಎಚ್ಚರಿಕೆ: ಒಂದು ಸಂಸ್ಥೆಯ ಫಾಂಟಿನ ಕೋಡು ಇನ್ನೊಂದಕ್ಕೆ ಹೊಂದುತ್ತದೆ ಅಂತ ನಂಬಬೇಡಿ. ಬರೆಯುವ ಮೊದಲು ಒಂದು ಹಳೇ ಫೈಲು ತೆರೆದು ನೋಡಿ. ಅಂದಹಾಗೆ ನಿಮ್ಮ ಹಸ್ತಪ್ರತಿ ಯೂನಿಕೋಡ್‌ನಲ್ಲೇ ಇರಲಿ. ಈಗಿನ ನುಡಿಯಲ್ಲೇ ಅದು ಬರುತ್ತದೆ, ದುಡ್ಡು ಕೊಟ್ಟು ಬೇರೆ ಸಾಫ್ಟ್‌ವೇರ್ ಕೊಳ್ಳುವುದು ದಂಡ.

ಠಾಣೆಯ ದೃಶ್ಯಕ್ಕೆ ಬರೋಣ. "24 ಗಂಟೆ ಆಗಲಿ, ಆಮೇಲೆ ಬನ್ನಿ" ಅಂತ ಹೇಳಿಸಿದ್ದೀರಿ. ಅಂಥ ನಿಯಮ ಇಲ್ಲ. ಪೇದೆ ಹಾಗೆ ಹೇಳಬಹುದು, ಆದರೆ ಕ್ರೈಂ ಬೀಟ್ ಮಾಡಿದವಳು ತಲೆಯಾಡಿಸಿ ಹೊರಗೆ ಬರುತ್ತಾಳಾ? "ನಮ್ಮ ವ್ಯಾಪ್ತಿ ಅಲ್ಲ" ಅನ್ನುವುದಕ್ಕೂ ಅವಳ ಹತ್ತಿರ ಉತ್ತರ ಇರಬೇಕು. ಸಿಆರ್‌ಪಿಸಿ ಬದಲು ಬಂದ ಬಿಎನ್‌ಎಸ್‌ಎಸ್ ಕಾನೂನಿನ 173ನೇ ಸೆಕ್ಷನ್ ಪ್ರಕಾರ ವ್ಯಾಪ್ತಿ ಯಾವುದಾದರೂ ದೂರು ತಗೋಬೇಕು, ಅದೇ ಝೀರೋ ಎಫ್‌ಐಆರ್. ಮತ್ತೆ ನಿಮ್ಮ ಕತೆ 2025ರದ್ದು, ಐಪಿಸಿ 364ಎ ಯಾಕೆ ಬಂತು? 2024ರ ಜುಲೈ 1ರಿಂದ ಐಪಿಸಿ ಬದಲು ಬಿಎನ್‌ಎಸ್ ಜಾರಿಯಲ್ಲಿದೆ. ಒತ್ತೆ ಹಣದ ಅಪಹರಣ ಈಗ 140(2). ಇಂಥದ್ದನ್ನು ನೋಡದೆ ಬರೆಯಬಾರದು.

ಅಪಹರಣಕಾರರ ಫೋನ್ ಬಂದಾಗ ಸುದ್ದಿಮನೆಯಲ್ಲಿ ಏನಾಗುತ್ತದೆ ಅನ್ನುವುದೂ ಬೇಕು. 2000ದಲ್ಲಿ ವೀರಪ್ಪನ್ ಗಾಜನೂರಿನಿಂದ ಅಣ್ಣಾವ್ರನ್ನು ಕರೆದೊಯ್ದು 108 ದಿನ ಇಟ್ಟುಕೊಂಡಾಗ, ಸಂಧಾನಕ್ಕೆ ಕಾಡಿಗೆ ಹೋದವರು ನಕ್ಕೀರನ್ ಪತ್ರಿಕೆಯ ಸಂಪಾದಕ ಗೋಪಾಲ್. ಬೇಡಿಕೆಗಳು ಕ್ಯಾಸೆಟ್‌ನಲ್ಲಿ ಬರುತ್ತಿದ್ದವು. ಪತ್ರಕರ್ತನೇ ಮಧ್ಯಸ್ಥನಾದರೆ ಏನು ಬರೆಯಬೇಕು, ಏನು ತಡೆಹಿಡಿಯಬೇಕು? ಅವಳಿಗೂ ಸಂಪಾದಕರಿಗೂ ಜಗಳ ಆಗಬೇಕಾದ್ದು ಇಲ್ಲಿ. ನಿಮ್ಮ ಸಂಪಾದಕರು ಎಲ್ಲಕ್ಕೂ "ಹೋಗಮ್ಮ, ಜಾಗ್ರತೆ" ಅನ್ನುತ್ತಾರೆ. ಅದು ಸಾಲದು.

ಚೇಸ್ ಬಗ್ಗೆ ಎರಡು ಮಾತು. ರಾತ್ರಿ 11ಕ್ಕೆ ನೈಸ್ ರಸ್ತೆಯಲ್ಲಿ ಬೈಕ್ ಓಡಿಸಿದ್ದೀರಿ. ಅಲ್ಲಿ ರಾತ್ರಿ 10ರ ಮೇಲೆ ಬೈಕ್ ಬಿಡುವುದಿಲ್ಲ. ಟೋಲ್‌ನಲ್ಲಿ ತಡೆಯಲಿ, ಅವಳು ಕಾರಿಗೆ ಪರದಾಡಲಿ, ಇನ್ನೂ ಚೆನ್ನಾಗಿರುತ್ತದೆ. ಸಂಜೆ ಆರೂವರೆಗೆ ಎಂಜಿ ರಸ್ತೆಯಿಂದ ಎಲೆಕ್ಟ್ರಾನಿಕ್ ಸಿಟಿಗೆ 20 ನಿಮಿಷದಲ್ಲಿ ಕಾರು ತಲುಪಿಸಿದ್ದನ್ನಂತೂ ತೆಗೆದುಹಾಕಿ, ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ದಾಟಿದವರು ಪುಸ್ತಕ ಮುಚ್ಚಿಡುತ್ತಾರೆ. ಯಾವ ದಾರಿಯಾದರೂ ಕತೆಯಲ್ಲಿರುವ ಹೊತ್ತಿಗೇ ಒಮ್ಮೆ ಹೋಗಿ ಬನ್ನಿ. ಮ್ಯಾಪ್ ನೋಡಿದರೆ ಸಾಲದು.

ಎರಡನೇ ಅಧ್ಯಾಯದಲ್ಲಿ ಬಿಬಿಎಂಪಿ ಕಚೇರಿ ಅಂತಿದೆ. ನಿಮ್ಮ ಕತೆ ನಡೆಯುವುದು ಡಿಸೆಂಬರಿನಲ್ಲಿ, ಆಗ ಬಿಬಿಎಂಪಿ ಹೋಗಿ ಜಿಬಿಎ (ಗ್ರೇಟರ್ ಬೆಂಗಳೂರು ಪ್ರಾಧಿಕಾರ) ಅಡಿಯಲ್ಲಿ ಐದು ಪಾಲಿಕೆ ಆಗಿವೆ. ಕಡತ ಯಾವ ಪಾಲಿಕೆಗೆ ಹೋಯಿತು ಅಂತ ಅವಳನ್ನು ಅಲೆದಾಡಿಸಿ. ಅದನ್ನು ಬರೆದು ನಾಲ್ಕನೇ ಅಧ್ಯಾಯದ ಜೊತೆ ಹಾಕಿ, ಓದುತ್ತೇನೆ.