ಹಲವು ಡಾಕ್ಟರ್‌ಗಳ ಹತ್ರ ತೋರಿಸೋ ಮಗುವಿನ ರಿಪೋರ್ಟು, ಔಷಧಿ ವಿವರ ಎಲ್ಲಾ ಹೇಗೆ ಜೋಡಿಸಿಟ್ಕೊಳ್ಳೋದು?

ಮೊದ್ಲು ದಪ್ಪ ಫೈಲ್ ಪಕ್ಕಕ್ಕಿಡಿ, ಒಂದೇ ಒಂದು ಹಾಳೆ ರೆಡಿ ಮಾಡಿ, ರಾತ್ರಿ ಎಮರ್ಜೆನ್ಸಿಗೆ ಓಡಿದಾಗ ಡ್ಯೂಟಿ ಡಾಕ್ಟರ್ ಮುನ್ನೂರು ಪುಟ ತಿರುವಿ ಹಾಕ್ತಾ ಕೂರಲ್ಲ. ಆ ಹಾಳೇಲಿ ಇರ್ಬೇಕಾದ್ದು: ಕಾಯಿಲೆ ಹೆಸರು, ಆಗಿರೋ ಆಪರೇಷನ್, ಅಲರ್ಜಿ (ಬರೀ ಔಷಧಿ ಹೆಸರಲ್ಲ, ಕೊಟ್ಟಾಗ ಏನಾಯ್ತು ಅನ್ನೋದೂ), ತೂಕ ಮತ್ತೆ ಅದನ್ನ ನೋಡಿದ ತಾರೀಖು, ಯಾಕಂದ್ರೆ ಮಕ್ಕಳ ಡೋಸ್ ಹೆಚ್ಚಾಗಿ ತೂಕದ ಲೆಕ್ಕದಲ್ಲೇ ಹೋಗೋದು.

ತುಂಬಾ ಜನ ಎಡವೋದು ಸಿರಪ್ ವಿಷ್ಯದಲ್ಲಿ. "5 ಎಂಎಲ್" ಅಂತಷ್ಟೇ ಬರೀತಾರೆ, ಆದ್ರೆ ಪ್ಯಾರಸಿಟಮಾಲ್ ಒಂದನ್ನೇ ತಗೊಳ್ಳಿ, 5 ಎಂಎಲ್‌ಗೆ 120 ಎಂಜಿ ಇರೋದೂ ಸಿಗುತ್ತೆ 250 ಎಂಜಿ ಇರೋದೂ ಸಿಗುತ್ತೆ, ಬಾಟಲ್ ಬದಲಾದ್ರೆ ಡೋಸ್ ಡಬಲ್! ಅದಕ್ಕೆ ಎಂಜಿ, ಎಂಎಲ್, ಬಾಟಲ್ ಮೇಲಿರೋ ಸ್ಟ್ರೆಂತ್ ಮೂರೂ ಬರೀರಿ.

ಇನ್ನೊಂದು, ನಿಮ್ಮ ಮಗುವಿಗೆ ನಾರ್ಮಲ್ ಅಂದ್ರೆ ಎಷ್ಟು ಅಂತಾನೂ ಬರೀರಿ. ಕೆಲವು ಹಾರ್ಟ್ ತೊಂದ್ರೆಗಳಲ್ಲಿ ರಕ್ತದಲ್ಲಿ ಆಕ್ಸಿಜನ್ 80%ರ ಆಸುಪಾಸು ಇರೋದೇ ಮಾಮೂಲಿ, ಗೊತ್ತಿಲ್ದೋರು ನೋಡಿದ್ರೆ ಗಾಬರಿ ಬೀಳ್ತಾರೆ. ಆ ನಂಬರ್ ಡಾಕ್ಟರ್ ಹತ್ರಾನೇ ಬರೆಸ್ಕೊಳ್ಳಿ. ಫೀಡಿಂಗ್ ಟ್ಯೂಬ್ ಇದ್ರೆ ಸೈಜು, ಬದಲಾಯಿಸಿದ ದಿನಾನೂ ಬರೀರಿ.

ಉಳಿದ ರಿಪೋರ್ಟ್ ಹೊಸದು ಮೇಲೆ ಬರೋ ಹಾಗೆ ಫೈಲ್ ಮಾಡಿದ್ರೆ ಸಾಕು. ಹಾಳೆಯ ಫೋಟೋ ಮನೆಯವರೆಲ್ಲರ ಫೋನಲ್ಲೂ ಇರ್ಲಿ, ಔಷಧಿ ಬದಲಾದ ದಿನಾನೇ ಹೊಸದು ಬರೆದು ಹಳೇದನ್ನ ಹರಿದು ಬಿಸಾಕಿ.