ಹೆದ್ದಾರಿ ಹೋಟೆಲಿಗೆ ಇವಿ ಚಾರ್ಜರ್: ಮೊದಲು ಟಿಸಿ (ಟ್ರಾನ್ಸ್‌ಫಾರ್ಮರ್) ನೋಡಿ

ಶಿರಾ ಹತ್ತಿರ ಹೆದ್ದಾರಿ ಬದಿಯ ನಿಮ್ಮ ಹೋಟೆಲಿನಲ್ಲಿ ಎಲೆಕ್ಟ್ರಿಕ್ ಕಾರುಗಳಿಗೆ 60 ಕಿಲೋವ್ಯಾಟ್ ಚಾರ್ಜರ್ ಹಾಕಿಸಬಹುದೇ, ಲೈಸೆನ್ಸ್ ಬೇಕೇ ಎಂದು ಕೇಳಿದ್ದೀರಿ. ಲೈಸೆನ್ಸ್ ಬೇಡ. ಚಾರ್ಜಿಂಗ್ ವಿದ್ಯುತ್ ಮಾರಾಟವಲ್ಲ, ಸೇವೆ ಎಂದು ಕೇಂದ್ರ ಇಂಧನ ಸಚಿವಾಲಯ 2018ರಲ್ಲೇ ಸ್ಪಷ್ಟಪಡಿಸಿದೆ. ಹೋಟೆಲ್ ಮೀಟರಿಗೆ ಸೇರಿಸಬೇಡಿ, ಇವಿ ದರದ ಬೇರೆ ಮೀಟರನ್ನೇ ಬೆಸ್ಕಾಂನಲ್ಲಿ ಕೇಳಿ.

ಚಾರ್ಜರ್ ಕಂಪನಿಯವರನ್ನು ಕರೆಸುವ ಮೊದಲೇ ಬೆಸ್ಕಾಂನ ಸೆಕ್ಷನ್ ಆಫೀಸಿಗೆ ಹೋಗಿ. ನಿಮ್ಮ ಲೈನ್ ಪಂಪ್‌ಸೆಟ್ ಫೀಡರಿನದೋ, ಊರಿನ ಮನೆ-ಅಂಗಡಿಗಳಿಗೆ ದಿನವಿಡೀ ಕರೆಂಟ್ ಕೊಡುವ ನಿರಂತರ ಜ್ಯೋತಿಯದೋ ವಿಚಾರಿಸಿ. ಪಂಪ್‌ಸೆಟ್ ಫೀಡರಿನಲ್ಲಿ ತ್ರೀ ಫೇಸ್ ಇರುವುದೇ ಕೆಲವು ಗಂಟೆ, ಅದಿಲ್ಲದೆ ಈ ಚಾರ್ಜರ್ ಓಡದು. ಆಮೇಲೆ ಟಿಸಿ. 60 ಕಿಲೋವ್ಯಾಟ್ ಚಾರ್ಜರ್ ಪೂರ್ತಿ ಓಡುವಾಗ ಫೇಸಿಗೆ ಸುಮಾರು 90 ಆಂಪ್ ಎಳೆಯುತ್ತದೆ. 63 ಕೆವಿಎ ಟಿಸಿಗೆ ಅದು ಭಾರ, ಊರಿನ ಲೋಡ್ ಹೊತ್ತಿರುವ 100 ಕೆವಿಎಗೂ ಕಷ್ಟವೇ. ಹೊಸ ಟಿಸಿಯ ಖರ್ಚು ನಿಮ್ಮ ತಲೆಗೇ ಬರುವುದಾದರೆ 30 ಕಿಲೋವ್ಯಾಟಿನದನ್ನೇ ಹಾಕಿಸಿ ಎನ್ನುತ್ತೇನೆ. 40 ಯೂನಿಟ್ ಬ್ಯಾಟರಿಯನ್ನು ಶೇ. 20ರಿಂದ 80ಕ್ಕೆ ತರಲು 24 ಯೂನಿಟ್ ಬೇಕು, ಹೆಚ್ಚುಕಡಿಮೆ 50 ನಿಮಿಷ. ಊಟ ಮುಗಿಸಿ ಕಾಫಿ ಕುಡಿಯುವ ಹೊತ್ತು. ಶೇ. 80 ದಾಟಿದ ಮೇಲೆ ಎಷ್ಟು ದೊಡ್ಡ ಚಾರ್ಜರ್ ಇದ್ದರೂ ಕಾರೇ ವೇಗ ತಗ್ಗಿಸುತ್ತದೆ. ಕಾರಿಗೆ ಚುಚ್ಚುವ ಗನ್ ಮಾತ್ರ ಸಿಸಿಎಸ್2 ಎಂಬ ಮಾದರಿಯದೇ ಇರಲಿ.

ಸಂಜೆ 7ರಿಂದ 9ರೊಳಗೆ ವೋಲ್ಟೇಜ್ ಅಳೆಸಿ. ಎರಡು ಫೇಸ್ ನಡುವೆ 350 ವೋಲ್ಟಿಗಿಂತ ಕೆಳಗಿಳಿಯುವ ಕಡೆ ಚಾರ್ಜರುಗಳು ಪದೇಪದೇ ಟ್ರಿಪ್ ಆಗುತ್ತವೆ.

60ನ್ನೇ ಹಾಕಿಸುವುದಾದರೆ 125 ಆಂಪ್ ಎಂಸಿಸಿಬಿ (ದೊಡ್ಡ ಬ್ರೇಕರ್), 70 ಚದರ ಮಿಲಿಮೀಟರಿನ ಮೂರೂವರೆ ಕೋರ್ ಅಲ್ಯೂಮಿನಿಯಂ ಆರ್ಮರ್ಡ್ ಕೇಬಲ್ ಬೇಕು. ದೂರ 100 ಮೀಟರ್ ಮೀರಿದರೆ 95ರದು. ಸಿಡಿಲಿಗೆ ಸರ್ಜ್ ಪ್ರೊಟೆಕ್ಟರ್ ಹಾಕಿಸಲು ಮರೆಯಬೇಡಿ. ಅರ್ಥಿಂಗಿಗೆ ಬೇರೆಯೇ ಎರಡು ಗುಂಡಿ ತೋಡಿಸಿ, ಹೋಟೆಲಿನ ಹಳೆಯದಕ್ಕೆ ತಂತಿ ಎಳೆದು ಮುಗಿಸಲು ಬಿಡಬೇಡಿ. ನ್ಯೂಟ್ರಲ್‌–ಅರ್ಥ್ ನಡುವೆ 2–3 ವೋಲ್ಟಿಗಿಂತ ಹೆಚ್ಚು ಬಂದರೆ ಮೊದಲು ಅದನ್ನು ಸರಿಮಾಡಿಸಿ. ಗನ್ ಹಾಕಿದ ಅರೆಕ್ಷಣಕ್ಕೇ ಚಾರ್ಜಿಂಗ್ ನಿಂತುಹೋಗುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ಆ್ಯಪ್‌ನಲ್ಲಿ ಹಣ ಪಡೆಯುವ ಚಾರ್ಜರಿಗೆ ನೆಟ್‌ವರ್ಕ್ ಇಲ್ಲದಿದ್ದರೆ ಕರೆಂಟಿದ್ದೂ ಪ್ರಯೋಜನವಿಲ್ಲ. ಅದು ನಿಲ್ಲುವ ಜಾಗದಲ್ಲೇ, ಚಾರ್ಜರಿನೊಳಗೆ ಯಾವ ಕಂಪನಿಯ ಸಿಮ್ ಇರುತ್ತದೋ ಅದನ್ನೇ ಫೋನಿಗೆ ಹಾಕಿ ಸಿಗ್ನಲ್ ನೋಡಿ. ಹೆದ್ದಾರಿ ಧೂಳಿಗೆ ಫಿಲ್ಟರ್ ಕಟ್ಟಿಕೊಂಡರೆ ಒಳಗೆ ಬಿಸಿಯೇರಿ ಚಾರ್ಜಿಂಗ್ ನಿಧಾನವಾಗುತ್ತದೆ, ತಿಂಗಳಿಗೊಮ್ಮೆ ಬಿಚ್ಚಿ ಊದಿಸಿ. ಕೆಂಪು ಎಮರ್ಜೆನ್ಸಿ ಬಟನ್ನನ್ನು ಯಾರಾದರೂ ಒತ್ತಿಬಿಟ್ಟರೆ ತಿರುಗಿಸಿ ಬಿಡಿಸುವವರೆಗೂ ಚಾರ್ಜರ್ ಸತ್ತಂತೆಯೇ. ಕ್ಯಾಷಿಯರ್‌ಗೆ, ರಾತ್ರಿ ಕಾವಲಿನವರಿಗೆ ಅದನ್ನು ಕೈಹಿಡಿದು ತೋರಿಸಿಕೊಡಿ.